60 ಪಟ್ಟೆ, 120 ಬಾಲ

ಹೆಣಿಗೆಯ ವಿಧಾನ ಬರೆಯುವವರಿಗೆ ಒಂದು ಕೆಟ್ಟ ಚಾಳಿಯಿದೆ. ಎಷ್ಟು ಕುಣಿಕೆ ಹಾಕಬೇಕು, ಯಾವ ಕಡ್ಡಿ ಹಿಡಿಯಬೇಕು, ಎಷ್ಟು ಸಾಲಿಗೊಮ್ಮೆ ಬಣ್ಣ ಬದಲಿಸಬೇಕು ಎಂದೆಲ್ಲ ವಿಸ್ತಾರವಾಗಿ ಹೇಳಿ, ಕಟ್ಟಕಡೆಗೆ ಸಣ್ಣದೊಂದು ವಾಕ್ಯ ತುರುಕಿರುತ್ತಾರೆ: ‘ದಾರದ ತುದಿಗಳನ್ನು ಒಳಗೆ ಸೇರಿಸಿ.’ ಅಷ್ಟೇ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಪಟ್ಟೆ ಸ್ಕಾರ್ಫಿನ ತುದಿ ಸೇರಿಸಿ ನೋಡು ಎನ್ನಲು ಮರೆತರು.

ಇಲ್ಲಿ ಹೇಳಹೊರಟಿದ್ದು ಬಣ್ಣಗಳ ವಿಷಯ. ಪೆಟ್ಟಿಗೆಯಲ್ಲಿ ಉಳಿದ ಐದಾರು ಬಗೆಯ ಉಲ್ಲನ್ನಿನಲ್ಲಿ ಯಾವುದರ ಪಕ್ಕ ಯಾವುದನ್ನು ಹಾಕಿದರೆ ಸ್ಕಾರ್ಫೋ ಭುಜದ ಮೇಲಿನ ಗಿಡ್ಡ ಕೇಪೋ ಕಣ್ಣಿಗೆ ಹಿತವಾಗುತ್ತದೆ ಎಂಬ ಗುಟ್ಟು. ಅದಕ್ಕೆ ಬರೋಣ. ಮೊದಲು ಈ ಬಾಲಗಳ, ಅಂದರೆ ಬಣ್ಣ ಬದಲಿಸಿದಾಗಲೆಲ್ಲ ಜೋತುಬೀಳುವ ದಾರದ ತುದಿಗಳ, ಲೆಕ್ಕ ಮುಗಿಯಲಿ.

ಡಿ.ಕೆ. ಎಂಬ ಮಧ್ಯಮ ದಪ್ಪದ ಉಲ್ಲನ್, 4 ಮಿ.ಮೀ. ಕಡ್ಡಿ, ಎಲ್ಲ ಸಾಲೂ ನಿಟ್ (ಸಾದಾ ಕುಣಿಕೆ) ಇರುವ ಗಾರ್ಟರ್ ಹೆಣಿಗೆ. 10 ಸೆಂ.ಮೀ. ಉದ್ದಕ್ಕೆ ಸುಮಾರು 40 ಸಾಲು. ಸ್ಕಾರ್ಫಿನ ಉದ್ದ 150 ಸೆಂ.ಮೀ. ಎಂದರೆ 600 ಸಾಲು. ಹತ್ತು ಸಾಲಿಗೊಂದು ಬಣ್ಣವಾದರೆ 60 ಪಟ್ಟೆ. ಪ್ರತಿ ಪಟ್ಟೆಗೂ ತಲೆಗೊಂದು ಕಾಲಿಗೊಂದು ತುದಿ, ಒಟ್ಟು 120. ತುದಿ 15 ಸೆಂ.ಮೀ.ಗಿಂತ ಗಿಡ್ಡವಾದರೆ ಸೂಜಿಗೆ ಪೋಣಿಸಿ ಆಡಿಸುವುದು ಕಷ್ಟ. ಅಂದರೆ 18 ಮೀಟರ್ ಉಲ್ಲನ್ ಬರೀ ಬಾಲಕ್ಕೇ ಹೋಯಿತು. 20 ಸೆಂ.ಮೀ. ಅಗಲದ ಸ್ಕಾರ್ಫಿನಲ್ಲಿ ಅಷ್ಟರಲ್ಲಿ ಇನ್ನೂ ಇಪ್ಪತ್ತೈದು ಸಾಲು ಏಳುತ್ತಿತ್ತು. ಉಳಿಕೆ ದಾರ ಮುಗಿಸಲೆಂದು ಶುರು ಮಾಡಿದ ಕೆಲಸ ಇದು!

ಸೇರಿಸುವುದಾದರೂ ಸುಲಭವೇ? ಮೊಂಡು ಮೂತಿಯ, ದೊಡ್ಡ ಕಣ್ಣಿನ ಸೂಜಿ ಬೇಕು. ಚೂಪು ಸೂಜಿ ಎಳೆಯನ್ನೇ ಸೀಳುತ್ತದೆ. ತುದಿಯನ್ನು ಅದರದೇ ಬಣ್ಣದ ಪಟ್ಟೆಯೊಳಗೆ, ಗಾರ್ಟರಿನ ಏಣುಗಳ ನಡುವೆ ಕುಣಿಕೆ ಹೋದ ದಾರಿಯಲ್ಲೇ ಮೇಲೆ ಕೆಳಗೆ ಹೊರಳಿಸುತ್ತ ಐದು ಸೆಂ.ಮೀ. ಒಯ್ದು, ಅಲ್ಲಿಂದ ತಿರುಗಿಸಿ ಎರಡು ಸೆಂ.ಮೀ. ಹಿಂದಕ್ಕೆ ತರಬೇಕು. ಒಂದೇ ದಿಕ್ಕಿಗೆ ಎಳೆದು ಬಿಟ್ಟರೆ ಸ್ಕಾರ್ಫನ್ನು ನಾಲ್ಕು ಸಲ ಕತ್ತಿಗೆ ಸುತ್ತುವಷ್ಟರಲ್ಲಿ ತುದಿ ಹೊರಗೆ ಇಣುಕುತ್ತದೆ. ಉಣ್ಣೆಯ ಮೈ ಒರಟು, ಹಿಡಿದುಕೊಳ್ಳುತ್ತದೆ. ಅಕ್ರಿಲಿಕ್ಕೂ ಹತ್ತಿಯೂ ನುಣುಪು, ಜಾರುತ್ತವೆ. ಅವುಗಳಿಗೆ ಇನ್ನೊಂದು ತಿರುವು ಕೊಡಬೇಕು. ಒಗೆದು ಒಣಗಿಸುವ ತನಕ ಕತ್ತರಿ ಮುಟ್ಟಬಾರದು, ಯಾಕೆಂದರೆ ನೀರು ತಾಗಿದ ಮೇಲೆ ಹೆಣಿಗೆ ಹಿಗ್ಗಿ ತುದಿಯನ್ನು ಒಳಕ್ಕೆಳೆದುಕೊಳ್ಳುತ್ತದೆ.

‘ಗಂಟು ಹಾಕಿಬಿಡಿ’ ಎನ್ನುವ ಜಾಣರಿದ್ದಾರೆ. ಸ್ಕಾರ್ಫಿಗೆ ಎರಡೂ ಮಗ್ಗುಲು ಕಾಣುವ ಮಗ್ಗುಲೇ. ಗಂಟು ಈ ಕಡೆ ತಳ್ಳಿದರೆ ಆ ಕಡೆ, ಆ ಕಡೆ ತಳ್ಳಿದರೆ ಈ ಕಡೆ. ಇನ್ನು ಉಂಡೆಯೊಳಗೇ ಗಂಟು ಹಾಕಿ ಮಾರುವ ತಯಾರಕರ ಬಗ್ಗೆ ಮಾತಾಡದಿರುವುದೇ ಮೇಲು. ತಾನಾಗಿ ಬಣ್ಣ ಬದಲಿಸುವ ಉಲ್ಲನ್ನಿನಲ್ಲಂತೂ ಆ ಗಂಟಿನಾಚೆ ನೀಲಿಯ ನಂತರ ಬರಬೇಕಾದ ಹಸಿರು ಬರುವುದೇ ಇಲ್ಲ, ಸೀದಾ ಕಿತ್ತಳೆ! ಅದಕ್ಕೆ ಹಣ ಕೊಟ್ಟವರು ನಾವು.

ಬಾಲ ಕಡಿಮೆ ಮಾಡುವ ಉಪಾಯಗಳಿಲ್ಲವೆಂದಲ್ಲ. ಎರಡೇ ಬಣ್ಣವಾಗಿ ಎರಡೆರಡು ಸಾಲಿನ ಪಟ್ಟೆಯಾದರೆ ದಾರ ಕತ್ತರಿಸದೆ ಅಂಚಿನಲ್ಲೇ ಮೇಲಕ್ಕೆ ಒಯ್ಯಬಹುದು. ಬಿಗಿಯಾಗಿ ಎಳೆದರೆ ಮಾತ್ರ ಆ ಅಂಚು ಸುಕ್ಕುಗಟ್ಟುತ್ತದೆ. ಇದಕ್ಕಿಂತ ಸೊಗಸಾದದ್ದು ಮೂರು ಬಣ್ಣ, ಒಂದೊಂದೇ ಸಾಲು. ಮೊದಲ ಬಣ್ಣ ಬಲದಿಂದ ಹೊರಟು ಎಡಕ್ಕೆ ಮುಟ್ಟಿತು. ಎರಡನೆಯದನ್ನು ಎಡದಲ್ಲಿ ಜೋಡಿಸಿ ಬಲಕ್ಕೆ ತಂದಿರಿ. ಮೂರನೆಯದು ಬಲದಿಂದ ಎಡಕ್ಕೆ ಹೋಯಿತು. ಈಗ ಕಡ್ಡಿ ಎಡದಲ್ಲಿದೆ, ಮೊದಲ ಬಣ್ಣವೂ ಅಲ್ಲೇ ಕಾದು ಕುಳಿತಿದೆ. ಇಡೀ ಸ್ಕಾರ್ಫಿಗೆ ಆರೇ ಬಾಲ. ಈ ಲೆಕ್ಕ ಎರಡು ಬಣ್ಣಕ್ಕಾಗಲಿ ನಾಲ್ಕಕ್ಕಾಗಲಿ ಕೂಡಿಬರುವುದಿಲ್ಲ. ಬಣ್ಣಗಳ ಸಂಖ್ಯೆ ಬೆಸವೇ ಆಗಿರಬೇಕು. ಗಾರ್ಟರಿನಲ್ಲಿ ಬಣ್ಣ ಬದಲಿದ ಸಾಲು ಹಿಂಬದಿಯಲ್ಲಿ ಚುಕ್ಕಿಚುಕ್ಕಿಯಾಗಿ ಒಡೆದು ಕಾಣುವುದು ಬೇರೆಡೆ ದೋಷ, ಇಲ್ಲಿ ಅದೇ ಚೆಂದ.

ಬಾಲವನ್ನು ಕುಚ್ಚಾಗಿಸಬೇಕೆಂದರೆ ಸ್ಕಾರ್ಫನ್ನು ಅಡ್ಡಡ್ಡ, ಅಂದರೆ ಸಾಲುಗಳು ಅದರ ಉದ್ದಕ್ಕೂ ಓಡುವಂತೆ ಹೆಣೆಯಿರಿ. 300 ಕುಣಿಕೆ, ಎರಡು ಕಡ್ಡಿಗಳ ನಡುವೆ ಉದ್ದ ಕೇಬಲು ಇರುವ ಜೋಡಿ, ಸಾಲಿಗೊಂದು ದಾರ, ಎರಡೂ ತುದಿಯಲ್ಲಿ 20 ಸೆಂ.ಮೀ. ಬಿಟ್ಟು ಪಕ್ಕಪಕ್ಕದವನ್ನು ಗಂಟು ಹಾಕಿದರೆ ಮುಗಿಯಿತು. ಮೊದಲ ಕುಣಿಕೆಗಳನ್ನು ಬಿಗಿಯಾಗಿ ಹಾಕಿದವರಿಗೆ ಮಾತ್ರ ಸ್ಕಾರ್ಫ್ ಸಿಗುವುದಿಲ್ಲ, ಬಿಲ್ಲು ಸಿಗುತ್ತದೆ. ಒಂದು ಅಳತೆ ದೊಡ್ಡ ಕಡ್ಡಿಯಲ್ಲಿ ಹಾಕಿಕೊಳ್ಳಿ.

ಕೇಪಿಗೆ ಕುಚ್ಚಿನ ಈ ಸವಲತ್ತು ಇಲ್ಲ. ಸುತ್ತಿನಲ್ಲಿ ಹೆಣೆಯುವುದರಿಂದ ಬಾಲಗಳೆಲ್ಲ ಬೆನ್ನ ನಡುವೆ ಒಂದೇ ಗೆರೆಯಲ್ಲಿ ಗುಡ್ಡೆಬೀಳುತ್ತವೆ, ಪಟ್ಟೆಗಳು ಅಲ್ಲೇ ಮೆಟ್ಟಿಲಾಗಿ ಜಿಗಿಯುತ್ತವೆ. ಹೊಸ ಬಣ್ಣದ ಎರಡನೆಯ ಸುತ್ತಿನ ಮೊದಲ ಕುಣಿಕೆಯನ್ನು ಹೆಣೆಯದೆ ಸುಮ್ಮನೆ ದಾಟಿಸಿದರೆ ಮೆಟ್ಟಿಲು ಬಹುಮಟ್ಟಿಗೆ ಅಡಗುತ್ತದೆ. ದಪ್ಪ ತೆಳು ಉಲ್ಲನ್ ಬೆರೆಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು. 200 ಕುಣಿಕೆಯ ಸುತ್ತು, 10 ಸೆಂ.ಮೀ.ಗೆ 20 ಬಿದ್ದರೆ 100 ಸೆಂ.ಮೀ.; ತೆಳು ದಾರದಲ್ಲಿ 22 ಬಿದ್ದರೆ 91ಕ್ಕೆ ಇಳಿಯುತ್ತದೆ. ಆ ಒಂದು ಪಟ್ಟೆ ತೋಳನ್ನು ಹಿಡಿದು ಕಟ್ಟಿದಂತಾಗಿ ಕೈ ಎತ್ತಿದಾಗಲೆಲ್ಲ ಕೇಪು ಕತ್ತಿಗೇರುತ್ತದೆ. ತೆಳು ದಾರವನ್ನು ಜೋಡಿ ಎಳೆ ಮಾಡಿ. ಫೋರ್ ಪ್ಲೈ ಎಂಬ ತೆಳು ಉಲ್ಲನ್ ಎರಡು ಎಳೆ ಸೇರಿದರೆ ಹೆಚ್ಚುಕಮ್ಮಿ ಡಿ.ಕೆ.ಯಷ್ಟು, ಇಲ್ಲವೇ ತುಸು ಹೆಚ್ಚು ದಪ್ಪ. ಮೊಹೇರ್ ಎಂಬ ಮೇಕೆ ರೋಮದ ಎಳೆ ಸೇರಿಸಿದರೆ ಎರಡು ಜಗಳಗಂಟ ಬಣ್ಣಗಳೂ ಮಬ್ಬಾಗಿ ರಾಜಿಯಾಗುತ್ತವೆ. ತಪ್ಪಿದರೆ ಬಿಚ್ಚುವ ಆಸೆ ಬಿಡಿ, ಅದರ ರೋಮಗಳು ಒಂದಕ್ಕೊಂದು ತೊಡರಿಕೊಂಡಿರುತ್ತವೆ.

ಬಣ್ಣದ ಗುಟ್ಟು ಬಾಕಿ ಇದೆಯಲ್ಲ. ಉಂಡೆಗಳನ್ನು ಸಾಲಾಗಿಟ್ಟು ಕಪ್ಪುಬಿಳುಪಿನಲ್ಲಿ ಫೋಟೋ ತೆಗೆಯಿರಿ, ಒಂದೇ ಬೂದುಬಣ್ಣವಾಗಿ ಕಂಡವು ಪಕ್ಕಪಕ್ಕ ಬಂದರೆ ಪಟ್ಟೆ ಎದ್ದು ಕಾಣುವುದಿಲ್ಲ ಎನ್ನುತ್ತಾರೆ. ನಿಜವೇ. ಆದರೆ ಕಪ್ಪುಬಿಳುಪಿನಲ್ಲಿ ಪಾಸಾದ ಗುಲಾಬಿಯೂ ಸಾಸಿವೆ ಹಳದಿಯೂ ಹಗಲಿಗೆ ಹಿಡಿದಾಗ ಸಹಿಸಲಾಗದಂತಿರುತ್ತವೆ, ಫೇಲಾದ ಎರಡು ನೀಲಿಗಳು ಮುದ್ದಾಗಿರುತ್ತವೆ. ಅದಕ್ಕಿಂತ ಮೊದಲು ಗಾಢ ಕೆಂಪು ಇದೆಯೇ ನೋಡಿ. ಇದ್ದರೆ ಅದರ ತುಂಡೊಂದನ್ನು ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ. ಬಟ್ಟೆಯ ಮೇಲೆ ಗುಲಾಬಿ ಗೆರೆ ಮೂಡಿದರೆ ಕೆನೆಬಣ್ಣದ ಉಂಡೆಯನ್ನು ಪೆಟ್ಟಿಗೆಗೆ ವಾಪಸ್ ಹಾಕಿ, ಕಪ್ಪನ್ನು ಹೊರಗೆ ತೆಗೆಯಿರಿ.