ಎಲ್ಲರೂ ಬಂದರಲ್ಲ, ಹೊರಡೋಣವೇ?

ಶನಿವಾರ ರಾತ್ರಿ ನಮ್ಮ ಸೈಕಲ್ ಗುಂಪಿನಲ್ಲಿ ಮತ್ತೆ ಅದೇ ಸಂದೇಶ. ‘ನಾಳೆ ಬೆಳಿಗ್ಗೆ ಐದೂವರೆಗೆ ಹೊರಡುವುದು. 80 ಕಿಲೋಮೀಟರ್. ಆರಾಮದ ವೇಗ. ನೋ ಡ್ರಾಪ್ ರೈಡ್, ಯಾರನ್ನೂ ಬಿಟ್ಟು ಹೋಗುವುದಿಲ್ಲ.’ ಕೊನೆಗೆ ಕೈಮುಗಿದ ಚಿತ್ರ. ಮತ ಕೇಳಲು ಬರುವವರೂ ಹೀಗೆಯೇ ಕೈ ಮುಗಿಯುತ್ತಾರೆ, ಗೆದ್ದ ಮೇಲೆ ಅವರ ಬೆನ್ನು ಮಾತ್ರ ಕಾಣುತ್ತದೆ. ನಮ್ಮವರಿಗೆ ಅಷ್ಟು ದಿನ ಬೇಕಿಲ್ಲ. ಐದನೇ ಕಿಲೋಮೀಟರಿಗೇ ಬೆನ್ನಿನ ದರ್ಶನವಾಗುತ್ತದೆ, ಎಂಟನೆಯದಕ್ಕೆ ಅದೂ ಇಲ್ಲ.

ಗುಂಪಿನಲ್ಲಿ ಸೈಕಲ್ ತುಳಿಯುವವರ ಭಾಷೆ ನಮ್ಮ ನಿಮ್ಮ ಭಾಷೆಯಂತೆಯೇ ಕೇಳಿಸುತ್ತದೆ. ಅರ್ಥ ಮಾತ್ರ ಬೇರೆ. ‘ಮಾತಾಡಿಕೊಂಡು ಹೋಗುವಷ್ಟು ವೇಗ’ ಎಂದರೆ ಅವರು ಮಾತಾಡುತ್ತಾರೆ, ದನಿ ಕಿವಿಗೆ ಬೀಳುವಷ್ಟು ಹೊತ್ತು ನಾವು ಕೇಳಿಸಿಕೊಳ್ಳುತ್ತೇವೆ. ‘ಕಾಲು ಸಡಿಲಿಸಿಕೊಳ್ಳುವ ಸವಾರಿ’ ಎಂದರೆ ಯಾರೋ ಹೊಸ ಚಕ್ರ ಹಾಕಿಸಿದ್ದಾರೆ, ಅದರ ವೇಗ ನೋಡಬೇಕಿದೆ. ‘ಇವತ್ತು ಯಾಕೋ ಕಾಲಿನಲ್ಲಿ ಶಕ್ತಿಯೇ ಇಲ್ಲ ಸರ್, ರಾತ್ರಿ ನಿದ್ದೆಯಾಗಿಲ್ಲ’ ಎಂದು ಹೊರಡುವ ಮೊದಲು ಯಾರಾದರೂ ನರಳಿದರೆ ಅವರ ಹಿಂದೆ ಹೋಗುವ ತಪ್ಪು ಮಾಡಬೇಡಿ. ನಾನು ಮಾಡಿದ್ದೇನೆ. ನಿದ್ದೆಗೆಟ್ಟ ಆ ಮನುಷ್ಯ ಮೊದಲ ಏರಿನಲ್ಲಿ ಕೂತಲ್ಲಿಂದ ಏಳದೆ, ಬಾಯಿ ತೆರೆಯದೆ, ಮೂಗಿನಲ್ಲಿ ಉಸಿರಾಡುತ್ತಾ ನನ್ನನ್ನು ದಾಟಿ ಹೋದ. ದಾಟುವಾಗ ನನ್ನ ಆರೋಗ್ಯವನ್ನೂ ವಿಚಾರಿಸಿದ. ಉತ್ತರಿಸಲು ನನ್ನ ಬಳಿ ಉಸಿರಿರಲಿಲ್ಲ.

ಒಮ್ಮೆ ಧೈರ್ಯ ಮಾಡಿ ‘ಆರಾಮ ಎಂದರೆ ಎಷ್ಟು?’ ಎಂದು ಕೇಳಿದೆ. ‘ಗಂಟೆಗೆ ಸರಾಸರಿ 25 ಕಿಲೋಮೀಟರ್ ಇಟ್ಟುಕೊಳ್ಳಿ ಸರ್’ ಎಂದರು. ಮನೆಯ ಸುತ್ತ ಒಬ್ಬನೇ 25ರಲ್ಲಿ ತುಳಿದು ಬೀಗಿದವನಿಗೆ ಸರಾಸರಿ ಎಂಬ ಪದದ ಹೊಟ್ಟೆಯಲ್ಲಿ ಏನೇನು ಅಡಗಿದೆ ಎಂದು ಹೇಗೆ ಗೊತ್ತಾಗಬೇಕು? ಹತ್ತು ಕಿಲೋಮೀಟರ್ ಏರನ್ನು 15ರಲ್ಲಿ ಹತ್ತಿ ಅಷ್ಟೇ ಉದ್ದದ ಇಳಿಜಾರನ್ನು 45ರಲ್ಲಿ ಇಳಿದರೆ ಸರಾಸರಿ 30 ಅಲ್ಲ, 22.5. ಏರಿನಲ್ಲಿ ಕಳೆದ ಸಮಯವನ್ನು ಇಳಿಜಾರು ಎಂದೂ ಪೂರ್ತಿ ತೀರಿಸಿಕೊಡುವುದಿಲ್ಲ. ಉಳಿದ ಸಾಲವೆಲ್ಲ ಸಮತಟ್ಟು ರಸ್ತೆಯ ಮೇಲೆ ಬೀಳುತ್ತದೆ. ಅಂದರೆ ಏರುಗಳು ಒಂದರ ಹಿಂದೆ ಒಂದು ಬಂದರೆ 25ರ ಸರಾಸರಿಗೆ ಅಲ್ಲಿ 32, 34 ಎಂದು ತುಳಿಯಬೇಕು. ಇದರ ಜೊತೆಗೆ, ನಿಂತರೆ ತಾನೂ ನಿಲ್ಲುವ ಸೈಕಲ್ ಕಂಪ್ಯೂಟರ್ ಒಂದಿದೆ. ನಮ್ಮಂಥವರಿಗಾಗಿ ಅವರು ಕಾದ ಹೊತ್ತು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಾವು ಭೂಮಿಯ ಮೇಲೆ ಹಿಂದೆ ಉಳಿಯುತ್ತೇವೆ, ದಾಖಲೆಯಲ್ಲಿ ಹುಟ್ಟಿಯೇ ಇರುವುದಿಲ್ಲ.

‘ಗಾಲಿ ಬಿಡಬೇಡಿ ಸರ್, ಗಾಲಿ ಹಿಡಿಯಿರಿ’ ಎನ್ನುವುದು ಇನ್ನೊಂದು ಉಪದೇಶ. ಉಪದೇಶ ಸರಿಯಾದದ್ದೇ. ಸಮತಟ್ಟು ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಗಾಲಿಗೆ ಅಂಟಿಕೊಂಡು ಅವನ ಮರೆಯಲ್ಲಿ ಹೋದರೆ ಶ್ರಮದಲ್ಲಿ ಕಾಲು ಭಾಗಕ್ಕೂ ಹೆಚ್ಚು ಉಳಿಯಬಹುದು. ಎಷ್ಟು ಉದಾರವಾದ ಪ್ರಕೃತಿ! ಆದರೆ ದೇವರು ಕೊಟ್ಟರೂ ಪೂಜಾರಿ ಕೊಡುವುದಿಲ್ಲ. ಗಾಳಿಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಮುಂದಿರುವ ಪುಣ್ಯಾತ್ಮ 30ರಿಂದ 33ಕ್ಕೆ ‘ಒಂದು ಚೂರು’ ಏರಿಸಿದರೆ ಆ ಲೆಕ್ಕ ಮೂರನೇ ಒಂದು ಭಾಗದಷ್ಟು ಜಿಗಿಯುತ್ತದೆ. ಅವನ ಚೂರು ನಮ್ಮ ಪ್ರಾಣ. ಮೂರು ಮೀಟರ್ ಅಂತರ ಬಿತ್ತೋ, ಮರೆ ತೆಳುವಾಗುತ್ತದೆ. ಹತ್ತಾಯಿತೋ, ಗಾಳಿಯ ಬಹುಪಾಲನ್ನು ಒಬ್ಬನೇ ಕುಡಿಯಬೇಕು.

ಸಾಲಿನ ಬಾಲದಲ್ಲಿರುವವನ ಪಾಡು ಇನ್ನೂ ವಿಶೇಷ. ಚಾಟಿ ಹಿಡಿದ ಕೈ ಒಂದು ಗೇಣು ಆಡಿದರೆ ತುದಿ ಒಂದು ಮಾರು ಹಾರುತ್ತದೆ. ತಿರುವಿನಲ್ಲಿ ಮೊದಲಿನವನು ಕೊಂಚ ನಿಧಾನಿಸಿ ಸಲೀಸಾಗಿ ಹೊರಳಿಕೊಳ್ಳುತ್ತಾನೆ. ಪ್ರತಿಯೊಬ್ಬರೂ ಮುಂದಿನವರಿಗಿಂತ ಒಂದಿಷ್ಟು ಹೆಚ್ಚು ಬ್ರೇಕ್ ಹಿಡಿಯುತ್ತಾ ಬಂದು, ಹದಿನೆಂಟನೆಯವನು ಬಹುತೇಕ ನಿಂತೇಬಿಟ್ಟಿರುತ್ತಾನೆ. ಅಷ್ಟರಲ್ಲಿ ಮೊದಲಿನವನು ಮತ್ತೆ 32ರಲ್ಲಿದ್ದಾನೆ. ಒಂದೇ ರಸ್ತೆ, ಒಂದೇ ದೂರ. ಗುಂಪಿನಲ್ಲಿ ಅತಿ ದುರ್ಬಲನಾದವನು ಅತಿ ಹೆಚ್ಚು ಸಲ ಓಟಕ್ಕೆ ಬಿದ್ದಂತೆ ತುಳಿಯುತ್ತಾನೆ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ, ಒಪ್ಪುತ್ತೇನೆ. ಬೇಡವೆಂದು ಯಾರೂ ತಡೆದದ್ದೂ ಇಲ್ಲ.

ಈಗ ಬೆಟ್ಟದ ತುದಿಗೆ ಬರೋಣ. ನಾನು ಬರುವ ಹೊತ್ತಿಗೆ ಅವರು ಬಂದು ಒಂಬತ್ತು ನಿಮಿಷವಾಗಿರುತ್ತದೆ. ಬೆವರು ಆರಿದೆ, ಚಿತ್ರ ತೆಗೆದಾಗಿದೆ, ನಗು ನಡೆದಿದೆ. ದೂರದಿಂದ ನನ್ನನ್ನು ಕಂಡ ಕೂಡಲೇ ಚಪ್ಪಾಳೆ. ಈ ಚಪ್ಪಾಳೆಯಲ್ಲಿ ಪ್ರೀತಿ ಇದೆ, ಸುಳ್ಳು ಹೇಳಬಾರದು. ಕಾಯುವುದು ಮುಗಿಯಿತೆಂಬ ಸಂತೋಷವೂ ಇದೆ. ನಾನು ಒಂದು ಕಾಲು ನೆಲಕ್ಕೂರಿ, ನಡುಗುವ ಕೈಯಲ್ಲಿ ನೀರಿನ ಬಾಟಲಿ ಎತ್ತಿ, ಅದರ ಮೂತಿಯನ್ನು ಹಲ್ಲಿನಿಂದ ಎಳೆಯುತ್ತೇನೆ. ಆಗ ಕೇಳಿಸುತ್ತದೆ ಆ ಸದ್ದು. ಟಕ್. ಪೆಡಲಿಗೆ ಶೂ ಸಿಕ್ಕಿಸಿಕೊಳ್ಳುವ ಸದ್ದು. ಆಮೇಲೆ ಟಕ್, ಟಕ್, ಟಕ್ ಎಂದು ಸಂಜೆಯ ಜೀರುಂಡೆಗಳ ಹಾಗೆ ಒಂದರ ಹಿಂದೆ ಒಂದು.

‘ಎಲ್ಲರೂ ಬಂದರಲ್ಲ, ಹೊರಡೋಣವೇ?’

ಬಾಟಲಿ ಇನ್ನೂ ಹಲ್ಲಿನಲ್ಲೇ ಇದೆ. ಕಡಿಮೆ ದಣಿದವರಿಗೆ ಒಂಬತ್ತು ನಿಮಿಷ ವಿಶ್ರಾಂತಿ, ಹೆಚ್ಚು ದಣಿದವನಿಗೆ ಸೊನ್ನೆ. ಇಂಥ ಹಂಚಿಕೆಯನ್ನು ಸರ್ಕಾರವೊಂದು ಮಾಡಿದ್ದರೆ ಮೆರವಣಿಗೆ ತೆಗೆಯುತ್ತಿದ್ದೆವು. ಇಲ್ಲಿ ಅದರ ಹೆಸರು ‘ಯಾರನ್ನೂ ಬಿಟ್ಟು ಹೋಗುವುದಿಲ್ಲ’.

ಇಂಥ ಹೊತ್ತಿನಲ್ಲೇ ಯಾರಾದರೊಬ್ಬರು ಹತ್ತಿರ ಬಂದು ನನ್ನ ಸೈಕಲ್ಲನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ ‘ಕೊಂಚ ಭಾರ ಸರ್’ ಎನ್ನುತ್ತಾರೆ. ತೂಕದ ವಿಷಯ ಬಂದರೆ ಈ ಜನ ಅಕ್ಕಸಾಲಿಗರು. ಬಾಟಲಿಯ ಪಂಜರದಲ್ಲಿ ಇಷ್ಟು ಗ್ರಾಂ, ಸೀಟಿನ ಕಂಬದಲ್ಲಿ ಇಷ್ಟು ಗ್ರಾಂ, ಬೋಲ್ಟಿನಲ್ಲಿ ಇಷ್ಟು. ರಸ್ತೆ ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರವಿರಬಾರದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ ನಿಯಮ ಮಾಡಿದೆ. ಯಾವ ಸ್ಪರ್ಧೆಗೂ ಹೋಗದ ನಮ್ಮ ಗೆಳೆಯರು ಆ ನಿಯಮವನ್ನು ಮುರಿಯುವ ಹಂತದಲ್ಲಿದ್ದಾರೆ. ನಾನೂ ನನ್ನ ಸೈಕಲ್ಲೂ ಸೇರಿ 90 ಕಿಲೋ. ಇನ್ನೂರು ಗ್ರಾಂ ಇಳಿಸಿದರೆ ಒಂದು ಗಂಟೆಯ ಏರಿನಲ್ಲಿ ಎಂಟು ಸೆಕೆಂಡ್ ಉಳಿದೀತು. ಒಂಬತ್ತು ನಿಮಿಷದಲ್ಲಿ ಎಂಟು ಸೆಕೆಂಡ್ ಕಳೆದು ಉಳಿದದ್ದನ್ನು ನೀವೇ ಲೆಕ್ಕ ಹಾಕಿ. ನನ್ನ ಕೈಯಲ್ಲಿ ಬಾಟಲಿ ಇದೆ.

ಟೂರ್ ಡಿ ಫ್ರಾನ್ಸ್‌ನ ಮಾತು ಎತ್ತದೆ ಇವರಿಗೆ ದಿನ ಕಳೆಯುವುದಿಲ್ಲವಾದ್ದರಿಂದ ನಾನೂ ಎತ್ತುತ್ತೇನೆ. 1910ರಲ್ಲಿ ಆ ಸ್ಪರ್ಧೆ ಮೊದಲ ಬಾರಿಗೆ ಪಿರೆನೀಸ್ ಪರ್ವತದ ಎತ್ತರದ ಕಣಿವೆದಾರಿಗಳನ್ನು ಹತ್ತಿತು. ದಣಿದು ಹಣ್ಣಾದ ಒಕ್ತಾವ್ ಲಾಪಿಜ್ ಎಂಬ ಸವಾರ ಸಂಘಟಕರನ್ನು ಕೊಲೆಗಡುಕರೆಂದು ಕರೆದ. ಆ ವರ್ಷ ಗೆದ್ದವನೂ ಅವನೇ. ಗೆದ್ದವನೇ ಹಾಗೆಂದರೆ ಹಿಂದೆ ಬಿದ್ದವರು ಏನೆನ್ನಬೇಕು? ಆದರೆ ಆ ಕೊಲೆಗಡುಕರು ಅದೇ ವರ್ಷ ಇನ್ನೊಂದು ಕೆಲಸವನ್ನೂ ಮಾಡಿದರು. ಸಾಲಿನ ಕಟ್ಟಕಡೆಯಲ್ಲಿ, ತುಳಿಯಲಾರದವರನ್ನು ಹತ್ತಿಸಿಕೊಂಡು ಬರಲು ಒಂದು ಗಾಡಿ ಇಟ್ಟರು. ಫ್ರೆಂಚರು ಅದಕ್ಕೆ ಪೊರಕೆ ಗಾಡಿ ಎನ್ನುತ್ತಾರೆ. ಒಟ್ಟು ಪಟ್ಟಿಯಲ್ಲಿ ಕೊನೆಯವನಿಗೂ ಅಲ್ಲಿ ಒಂದು ಬಿರುದಿದೆ, ಕೆಂಪು ಲಾಂದ್ರ. ರೈಲಿನ ಕೊನೆಯ ಡಬ್ಬಿಗೆ ತೂಗುಹಾಕುತ್ತಿದ್ದ ದೀಪದ ಹೆಸರು. ಬೆಟ್ಟದ ದಿನಗಳಲ್ಲಿ ಏರಲಾರದ ದೈತ್ಯ ಸವಾರರೆಲ್ಲ, ತಂಡಭೇದ ಮರೆತು, ಸಮಯದ ಮಿತಿಯೊಳಗೆ ಮುಟ್ಟಲು ಒಟ್ಟಿಗೆ ತುಳಿಯುತ್ತಾರೆ. ಆ ಗುಂಪಿಗೆ ಅವರು ‘ಬಸ್’ ಎನ್ನುತ್ತಾರೆ. ಹೊಟ್ಟೆಪಾಡಿಗೆ ಸೈಕಲ್ ತುಳಿಯುವವರಲ್ಲಿ ಕೊನೆಯವರಿಗೊಂದು ಬಸ್ಸಿದೆ. ಭಾನುವಾರದ ಹವ್ಯಾಸಿಗಳಲ್ಲಿ ಇಲ್ಲ.

ತಮಾಷೆ ಸಾಕು. ಕೆಲವು ತಿಂಗಳ ಹಿಂದೆ ಒಬ್ಬ ಹುಡುಗ ಬಂದಿದ್ದ. ಮೊದಲ ಸಲ. ಹೆಲ್ಮೆಟ್ಟಿನ ಒಳಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ‘ಬಿಟ್ಟು ಹೋಗುವುದಿಲ್ಲ ಅಲ್ಲವೇ ಸರ್?’ ಎಂದು ನನ್ನನ್ನೇ ಕೇಳಿದ್ದ. ಹದಿನೆಂಟು ಜನ ಹೊರಟೆವು. ಮುಂದಿನ ನಿಲುಗಡೆಯಲ್ಲಿ ತಲೆ ಎಣಿಸಿದಾಗ ಹದಿನೇಳು. ಫೋನ್ ಮಾಡೋಣವೆಂದರೆ ಅವನ ನಂಬರ್ ಯಾರ ಬಳಿಯೂ ಇರಲಿಲ್ಲ. ಮೂವರು ಹಿಂದಕ್ಕೆ ಹೋದೆವು. ಹನ್ನೊಂದು ಕಿಲೋಮೀಟರ್ ಹಿಂದೆ, ರಸ್ತೆ ಬದಿಯಲ್ಲಿ, ಪಂಕ್ಚರ್ ಆದ ಹಿಂದಿನ ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಟೈರಿನ ಅಂಚನ್ನು ಎಬ್ಬಿಸಲು ಹೋಗಿ ಹೆಬ್ಬೆರಳಿನ ಉಗುರು ಕಿತ್ತಿತ್ತು. ‘ಕೂಗಿದೆ ಸರ್’ ಎಂದ. ‘ಕ್ಷಮಿಸಿ, ನನ್ನಿಂದ ಎಲ್ಲರಿಗೂ ತಡವಾಯಿತು’ ಎಂದೂ ಸೇರಿಸಿದ.

ಅವನು ಕ್ಷಮೆ ಕೇಳಿದ. ಸಾಲಿನಲ್ಲಿ ಅವನ ಮುಂದೆಯೇ ಇದ್ದವನು ನಾನು. ಕೂಗು ನನಗೆ ಕೇಳಿಸಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಏನೋ ಕೇಳಿಸಿತ್ತು. ತಿರುಗಿ ನೋಡಿದರೆ ಮುಂದಿನ ಗಾಲಿ ತಪ್ಪುತ್ತದೆಂಬ ಭಯಕ್ಕೆ ತಿರುಗಲಿಲ್ಲ. ಇಪ್ಪತ್ತು ಮೀಟರಿಗಾಗಿ.

ವೇಗವಾಗಿ ಹೋಗುವವರು ಹೋಗಲಿ, ನನ್ನ ತಕರಾರಿಲ್ಲ. ಕಷ್ಟಪಟ್ಟು ಕಾಲು ಗಟ್ಟಿ ಮಾಡಿಕೊಂಡವರು ನನಗಾಗಿ ಯಾಕೆ ತೆವಳಬೇಕು? ‘ಸಮತಟ್ಟಿನಲ್ಲಿ 34, ಹಿಂದೆ ಬಿದ್ದವರು ದಾರಿ ನೋಡಿಕೊಳ್ಳಿ’ ಎಂದು ಬರೆದುಬಿಡಿ. ನಾನು ಮಲಗುತ್ತೇನೆ, ಆ ಹುಡುಗನೂ ಮಲಗುತ್ತಿದ್ದ. ಬಿಟ್ಟು ಹೋಗುವುದಿಲ್ಲ ಎಂದು ಬರೆಯುವುದಾದರೆ ಒಬ್ಬ ಗಟ್ಟಿಗನನ್ನು ಕೊನೆಯಲ್ಲಿ ಇಡಿ. ತಲೆ ಎಣಿಸಿ. ನಂಬರ್ ತೆಗೆದುಕೊಳ್ಳಿ. ಕೊನೆಯವನು ನೀರು ನುಂಗುವವರೆಗೆ ಶೂ ಸಿಕ್ಕಿಸಬೇಡಿ. ಇದಕ್ಕೆ ಕಾರ್ಬನ್ ಚಕ್ರವೇನೂ ಬೇಕಿಲ್ಲ.

ಹುಡುಗ ಮತ್ತೆ ಬರಲಿಲ್ಲ. ‘ಇನ್ನಷ್ಟು ಅಭ್ಯಾಸ ಮಾಡಿ ಬರುತ್ತೇನೆ’ ಎಂದನಂತೆ.

ಈ ಶನಿವಾರದ ಸಂದೇಶದ ಕೆಳಗೆ ನಾನು ಬರೆದೆ: ‘ಆರಾಮ ಎಂದರೆ ಸಮತಟ್ಟಿನಲ್ಲಿ ಎಷ್ಟು? ದಯವಿಟ್ಟು ಸಂಖ್ಯೆ ಹೇಳಿ.’ ಹನ್ನೆರಡು ಜನ ಹೆಬ್ಬೆರಳು ಎತ್ತಿದರು. ಒಬ್ಬರು ‘ನೀವು ಬನ್ನಿ ಸರ್, ನಾವಿದ್ದೇವೆ’ ಎಂದರು. ಸಂಖ್ಯೆ ಬರಲಿಲ್ಲ.

ಅಲಾರಂ ನಾಲ್ಕೂಮುಕ್ಕಾಲಿಗೆ ಇಟ್ಟಿದ್ದೇನೆ.