ಸೊನ್ನೆ ಬೈಟಿನ ದರ್ಬಾರು

ಪ್ರೋಗ್ರಾಮಿನ ಕಡತಗಳ ಬದಲಾವಣೆಗಳಿಗೆ ಲೆಕ್ಕವಿಡುವ ತಂತ್ರಾಂಶ ಗಿಟ್. ಅದರ ರೆಪೊಸಿಟರಿಯ (ಸಂಗ್ರಹದ) ಒಡಲಲ್ಲಿ, ‘.ಗಿಟ್’ ಫೋಲ್ಡರಿನೊಳಗೆ, ‘ಇಂಡೆಕ್ಸ್.ಲಾಕ್’ ಎಂಬ ಕಡತ ಆಗಾಗ ಪಟ್ಟಾಗಿ ಕುಳಿತುಬಿಡುತ್ತದೆ. ಎಷ್ಟೋ ಸಲ ಅದರ ಗಾತ್ರ ಸೊನ್ನೆ ಬೈಟು. ಒಳಗೆ ಅಕ್ಷರವಿಲ್ಲ, ಸಹಿಯಿಲ್ಲ, ಮೊಹರಿಲ್ಲ. ಆದರೂ ಅದು ಏಳುವ ತನಕ ಒಂದು ಕಮಿಟ್ (ಬದಲಾವಣೆಯ ದಾಖಲೆ) ಕೂಡ ಮುಂದೆ ಸಾಗದು. 2005ರ ಏಪ್ರಿಲಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೊರತಂದ ಗಿಟ್‌ನ ಮೊಟ್ಟಮೊದಲ ರೂಪದಲ್ಲೇ, ಇಬ್ಬರು ಒಟ್ಟಿಗೆ ಬರೆಯದಂತೆ ತಡೆಯುವ ಈ ಬೀಗವಿತ್ತು. ಸೇವಾ ಹಿರಿತನಕ್ಕೆ ಎದುರಿಲ್ಲ.

ಕೆಲಸ ಸುಸೂತ್ರವಾಗಿ ಮುಗಿದರೆ ಈ ಕಡತವೇ ಹೆಸರು ಬದಲಿಸಿಕೊಂಡು ಹೊಸ ಇಂಡೆಕ್ಸ್ (ಮುಂದಿನ ಕಮಿಟ್‌ಗೆ ಸೇರಬೇಕಾದ ಕಡತಗಳ ಪಟ್ಟಿ) ಆಗುತ್ತದೆ. ನಡುವೆಯೇ ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿದರೂ ಗಿಟ್ ಅದನ್ನು ಅಳಿಸಿಯೇ ಹೊರಡುತ್ತದೆ, ಅಷ್ಟು ಮರ್ಯಾದೆ ಉಂಟು. ಕರೆಂಟು ಹೋದರೆ ಮಾತ್ರ ಯಜಮಾನ ಸಾಯುತ್ತಾನೆ, ಬೀಗ ಉಳಿಯುತ್ತದೆ. ಆಮೇಲೆ ಬಂದವರಿಗೆ ಗಿಟ್ ಹೇಳುವುದಿಷ್ಟು: ಇನ್ನೊಂದು ಪ್ರಕ್ರಿಯೆ ಓಡುತ್ತಿರುವಂತಿದೆ, ಅದು ಮುಗಿದಿದೆಯೇ ಎಂದು ಖಚಿತಪಡಿಸಿಕೊಳ್ಳಿ, ಅಥವಾ ಅದು ಹಿಂದೆಯೇ ಕುಸಿದಿರಬಹುದು, ಕಡತವನ್ನು ನೀವೇ ತೆಗೆಯಿರಿ. ಅಂದರೆ ಪಂಚನಾಮೆಯ ಹೊಣೆ ಬಾಗಿಲಿಗೆ ಬಂದವನದು. (ಡಿಸ್ಕನ್ನು ಬೇರೆ ಯಂತ್ರವೂ ಬಳಸುತ್ತಿರಬಹುದಾದ್ದರಿಂದ ಗಿಟ್ ತಾನಾಗಿ ಬೀಗ ಒಡೆಯದಿರುವುದು ವಿವೇಕವೇ.)

ಹಾಗೆಂದು ಗುರುತು ಬರೆದಿಡುವ ಪದ್ಧತಿ ಅದಕ್ಕೆ ಗೊತ್ತಿಲ್ಲವೇ? ಕಸ ಗುಡಿಸುವ ‘ಗಿಟ್ ಜಿಸಿ’ ತನ್ನ ಪ್ರಕ್ರಿಯೆಯ ಸಂಖ್ಯೆಯನ್ನೂ ಯಂತ್ರದ ಹೆಸರನ್ನೂ ‘ಜಿಸಿ.ಪಿಐಡಿ’ಯಲ್ಲಿ ಬರೆದೇ ಕೆಲಸಕ್ಕೆ ಇಳಿಯುತ್ತದೆ. 12 ಗಂಟೆ ದಾಟಿದರೆ ಆ ಚೀಟಿಗೆ ಬೆಲೆಯೂ ಇಲ್ಲ. ಗುಡಿಸಲು ಬಂದವರಿಗೆ ಹಾಜರಿ ಪುಸ್ತಕ. ಎಲ್ಲರ ಕೆಲಸ ಕಟ್ಟಿಹಾಕಿದವರಿಗೆ ಹೆಸರೂ ಬೇಡ, ನಿವೃತ್ತಿಯೂ ಬೇಡ.

ಇನ್ನು ಪಂಚನಾಮೆ ಮಾಡುವವರು ಯಾರು? ಕಡತ ತೆಗೆಯಿರಿ ಎಂಬ, ಸಂದೇಶದ ಕೊನೆಯ ಸಾಲಷ್ಟೇ ಕಣ್ಣಿಗೆ ಬೀಳುತ್ತದೆ. ಎಡಿಟರು ಹಿನ್ನೆಲೆಯಲ್ಲಿ ನಿಜವಾಗಿಯೂ ಇಂಡೆಕ್ಸ್ ಬರೆಯುತ್ತಿದ್ದರೆ ಅದರ ಹಣೆಬರಹ. ಕೋಡನ್ನು ತಾವಾಗಿ ಜೋಡಿಸುವ ಕೆಲವು ಬಿಲ್ಡ್ ಸರ್ವರುಗಳಲ್ಲಂತೂ ಸ್ಕ್ರಿಪ್ಟಿನ ಮೊದಲ ಸಾಲೇ ‘ಆರ್‌ಎಂ -ಎಫ್ .ಗಿಟ್/ಇಂಡೆಕ್ಸ್.ಲಾಕ್’, ಅಂದರೆ ಕೇಳದೆ ಅಳಿಸು. ಬೀಗ ಬಿದ್ದಿದೆಯೋ ಇಲ್ಲವೋ, ಒಡೆದ ಮೇಲೆಯೇ ಬೋಣಿ. ಹಾಗೆ ಬರೆದವರಿಗೆ ‘ಸಮಸ್ಯೆಯನ್ನು ಶಾಶ್ವತವಾಗಿ ಬಗೆಹರಿಸಿದವರು’ ಎಂದು ಮೆಚ್ಚುಗೆಯ ಇಮೇಲ್.

ಆದರೆ ಶಾಶ್ವತವೆಂಬುದು ಮರುವಾರದ ತನಕ. ಈ ಸಲ ಸಿಕ್ಕಿಕೊಂಡಿದ್ದು ಗಿಟ್‌ನದೇ ಇನ್ನೊಂದು ಬೀಗ, ‘ಹೆಡ್.ಲಾಕ್’. ಒಂದೊಂದನ್ನೇ ಹುಡುಕುವ ರಗಳೆ ಏಕೆಂದು ಸ್ಕ್ರಿಪ್ಟಿಗೆ ಬಡ್ತಿ ಸಿಗುತ್ತದೆ: ಪ್ರಾಜೆಕ್ಟಿನಲ್ಲಿ ‘.ಲಾಕ್’ ಎಂದು ಮುಗಿಯುವ ಕಡತ ಎಲ್ಲೇ ಕಂಡರೂ ಅಳಿಸು. ‘ಯಾರ್ನ್.ಲಾಕ್’, ‘ಕಾರ್ಗೋ.ಲಾಕ್’ ಬೀಗಗಳೇ ಅಲ್ಲ, ಯಾವ ಕೋಡ್ ಲೈಬ್ರರಿಯ ಯಾವ ಆವೃತ್ತಿ ಬೇಕೆಂದು ಬರೆದಿಟ್ಟ ಪಟ್ಟಿಗಳು. ಅವೂ ಗುಡಿಸಿಹೋಗುತ್ತವೆ, ಬಿಲ್ಡ್ ಮಗುಚಿಕೊಳ್ಳುತ್ತದೆ, ತುರ್ತು ಸಭೆ ಕೂಡುತ್ತದೆ. ನಡಾವಳಿಯಲ್ಲಿ ದಾಖಲಾಗುವ ಮೂಲ ಕಾರಣ: ಗಿಟ್.