ಎಂಜಿನ್ ಸತ್ತ ಮನೆಯ ಸೂತಕ

ಸುಬಾರು ಎಸ್‌ಟಿಐ ಎಂಬ ಜಪಾನಿ ಕಾರಿನ ಎರಡೂವರೆ ಲೀಟರ್ ಟರ್ಬೊ ಎಂಜಿನ್ ಸಾಯುವ ಮುಂಚೆ ಮರ್ಯಾದೆಯಿಂದ ಬಾಗಿಲು ತಟ್ಟುತ್ತದೆ. ಟಕ್, ಟಕ್, ಟಕ್. ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. ಮಾಲೀಕ ಮಹಾಶಯ ಹಾಡಿನ ವಾಲ್ಯೂಮ್ ಏರಿಸುತ್ತಾನೆ.

7000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 7000 ಸುತ್ತಿನಲ್ಲಿ, ಪ್ರತಿ ಪಿಸ್ಟನ್ ನಿಮಿಷಕ್ಕೆ 14,000 ಸಲ ನಿಂತು ಹಿಂದಕ್ಕೆ ತಿರುಗುತ್ತದೆ. ಈ ಕುಣಿತವನ್ನು ತಿರುಗಾಟವಾಗಿಸುವ ದಂಡ ಕ್ರ್ಯಾಂಕು. ಭಾರವೆಲ್ಲ ಅದರ 52 ಮಿ.ಮೀ. ಜರ್ನಲ್ಲಿಗೂ (ನುಣುಪು ಕತ್ತಿಗೂ) ಅದನ್ನು ಅಪ್ಪಿಕೊಂಡ ತೆಳು ಲೋಹದ ಬೇರಿಂಗ್ ಶೆಲ್ಲಿಗೂ ನಡುವಿನ ಆಯಿಲ್ ಪದರದ ಮೇಲೆ. ಅದು ಕೂರುವ ಸಂದಿಯೇ ಸುಮಾರು 0.05 ಮಿ.ಮೀ., ತಲೆಗೂದಲಿಗಿಂತ ಕಿರಿದು. ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪಿನಿಂದ ಆಯಿಲ್ ಹೀರುವ ಪೈಪು ಬೆಸುಗೆಯ ಬಳಿ ಬಿರುಕು ಬಿಟ್ಟರೆ ಪಂಪು ಗಾಳಿ ಕುಡಿಯತೊಡಗುತ್ತದೆ. ಪದರ ಹರಿದು ಶೆಲ್ಲು ಕ್ರ್ಯಾಂಕಿಗೆ ಕಚ್ಚಿಕೊಂಡು, ಕೂತ ಜಾಗ ಬಿಟ್ಟು ಅದರ ಜೊತೆಗೇ ತಿರುಗುತ್ತದೆ. ಆ ಟಕ್ ಟಕ್ ಇದರದ್ದೇ.

ಹೊಸ ಕ್ರ್ಯಾಂಕು, ಹೊಸ ಶೆಲ್ಲು ಹಾಕಿದರೆ ಮುಗಿಯಿತಲ್ಲ? ಹೆಣ ಸುಟ್ಟ ಮಾತ್ರಕ್ಕೆ ಸೂತಕ ಕಳೆಯುತ್ತದೆಯೇ! ಹಳೇ ಆಯಿಲ್ ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ ನೋಡಿ: ಸವೆದ ಲೋಹದ ಪುಡಿ ಮದುವೆ ಸೀರೆಯ ಜರಿಯಂತೆ ಫಳಫಳ. ಉಕ್ಕಿನ ಚೂರು ಮ್ಯಾಗ್ನೆಟ್ಟಿಗೆ ಹತ್ತುತ್ತದೆ, ಬೇರಿಂಗಿನ ತಾಮ್ರ, ಅಲ್ಯೂಮಿನಿಯಂ ಹತ್ತುವುದಿಲ್ಲ. "ಮ್ಯಾಗ್ನೆಟ್ಟಿಗೆ ಏನೂ ಬರಲಿಲ್ಲ, ಬಚಾವ್" ಅಂದವರು ಎರಡನೇ ಎಂಜಿನ್ನಿಗೆ ದುಡ್ಡು ಹೊಂದಿಸಿಕೊಳ್ಳಲಿ.

ಅಸಲಿ ಕಳ್ಳ ಫಿಲ್ಟರಿನ ಬುಡದಲ್ಲಿ ದಪ್ಪ ಇಡ್ಲಿಯಂತೆ ಕೂತಿರುವ ಆಯಿಲ್ ಕೂಲರ್. ಪೆಟ್ರೋಲ್ ಹಾಕಿ ಕುಲುಕಿ, ಗಾಳಿ ಹೊಡೆಯಿರಿ, ಬಾಯಿ ಬಿಡುವುದಿಲ್ಲ. ಹೊಸ ಎಂಜಿನ್ ಬಿಸಿಯಾದ ದಿನ ಸಂದಿಯಲ್ಲಿ ಬಚ್ಚಿಟ್ಟದ್ದನ್ನೆಲ್ಲ ಕಕ್ಕುತ್ತದೆ. ತೊಳೆಯಬೇಡಿ, ಬಿಸಾಡಿ. ಆಯಿಲ್ ಪಂಪು, ಹೀರುವ ಪೈಪುಗಳಿಗೂ ಅದೇ ಗತಿ. ಟರ್ಬೊಗೆ ಆಯಿಲ್ ಒಯ್ಯುವ ಪೈಪಿನ ಟೊಳ್ಳು ಬೋಲ್ಟಿನೊಳಗೆ ಪುಟ್ಟ ಜಾಲರಿ ಇರುತ್ತದೆ. ಅದು ಕಟ್ಟಿಕೊಂಡರೆ ಮುಂದಿನ ಹೆಣ ಟರ್ಬೊದ್ದು.

ಬ್ಲಾಕು ಹಲಸಿನ ಹಣ್ಣಿನಂತೆ ನಡುವೆ ಎರಡು ಹೋಳಾಗುತ್ತದೆ. ಆದರೆ ಜೋಡಿಸುವಾಗ ಹೋಳು ಬಿಗಿದ ಮೇಲೆಯೇ ಪಿಸ್ಟನ್ನನ್ನು ಅದರ ರಾಡಿಗೆ ಕಟ್ಟುವ ಗಜನ್ ಪಿನ್ ತೂರಿಸಬೇಕು, ಅದೂ ಹಿಂದುಮುಂದಿನ ಗೋಡೆಯ ತೂತಿನಿಂದ. ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ, ಪಿಸ್ಟನ್ನನ್ನು ತೂತಿನ ನೇರಕ್ಕೆ ತಂದು, ಪಿನ್ ತಳ್ಳಿ, ಅದು ಜಾರದಂತೆ ಉದ್ದ ಮೂತಿಯ ಇಕ್ಕಳದಲ್ಲಿ ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಬಳೆ ಕೂರಿಸಬೇಕು. ಹಲ್ಲಿನ ಡಾಕ್ಟರಿಗೂ ಇದಕ್ಕಿಂತ ದೊಡ್ಡ ಬಾಯಿ ಸಿಗುತ್ತದೆ. ನಾಲ್ಕನೆಯ ಪಿಸ್ಟನ್ನಿಗೆ ಬರುವಷ್ಟರಲ್ಲಿ ಧೈರ್ಯ ಬಂದಿರುತ್ತದೆ. ಆಗಲೇ ಕ್ಲಿಪ್ಪು "ಟಿಂಗ್" ಎಂದು ಹಾರುವುದು. ನೆಲಕ್ಕೆ ಬಿದ್ದರೆ ಪುಣ್ಯ. ಒಳಗೆ ಬಿದ್ದು ಮ್ಯಾಗ್ನೆಟ್ ಕಡ್ಡಿಗೂ ಸಿಗದಿದ್ದರೆ ಪೇಸ್ಟ್ ಹಚ್ಚಿ ಬಿಗಿದ ಹಲಸನ್ನು ಮತ್ತೆ ಸೀಳಬೇಕು. ಅದಕ್ಕೇ ಒಳಗೆ ಬಟ್ಟೆ ಚಿಂದಿ ತುರುಕುವುದು. ಎಷ್ಟು ತುರುಕಿದಿರಿ ಎಂದು ಗೋಡೆಯ ಮೇಲೆ ಬರೆದಿಡಿ.

ಮೊದಲ ದಿನ ಕೀಲಿ ತಿರುಗಿಸಿದ ಕೂಡಲೇ ಗುರ್ ಅನಿಸುವ ಆಸೆ ಬೇಡ. ಕ್ರ್ಯಾಂಕ್ ಸೆನ್ಸರಿನ ಪ್ಲಗ್ ಕಿತ್ತರೆ ಸ್ಪಾರ್ಕೂ ಇಲ್ಲ, ಪೆಟ್ರೋಲೂ ಇಲ್ಲ. ಸ್ಟಾರ್ಟರನ್ನು ಹತ್ತತ್ತು ಸೆಕೆಂಡು ಬಿಟ್ಟು ಬಿಟ್ಟು ತಿರುಗಿಸಿ, ಮೀಟರಿನಲ್ಲಿ ಆಯಿಲ್ ಪ್ರೆಶರ್ ಕಂಡ ಮೇಲೆ ಪ್ಲಗ್ ಸಿಕ್ಕಿಸಿ. ಅರ್ಧ ಗಂಟೆ ಓಡಿದ ಮೇಲೆ ಆ ಹೊಚ್ಚ ಹೊಸ ಆಯಿಲ್ ಚೆಲ್ಲಿ, ಫಿಲ್ಟರ್ ಕತ್ತರಿಸಿ. ಬೂದು ಬಣ್ಣದ ನುಣುಪು ಕಿಟ್ಟವಿದ್ದರೆ ಪಿಸ್ಟನ್ನಿನ ರಿಂಗುಗಳು ಸವೆದು ಹೊಂದಿಕೊಳ್ಳುತ್ತಿವೆ ಎಂದರ್ಥ. ಜರಿ ಕಂಡರೆ, ಎಂಜಿನ್ ಎತ್ತಲು ಬಾಡಿಗೆಗೆ ತಂದ ಚೈನ್ ಪುಲ್ಲಿಯನ್ನು ಇನ್ನೂ ವಾಪಸ್ ಕೊಡಬೇಡಿ.